ತತ್ತಿ ಕಾಯುವುದಿಲ್ಲ

ಮೊದಲಿಗೇ ಕ್ಷಮೆ ಕೇಳಿಬಿಡುತ್ತೇನೆ. ಇದು ಮಲದ ಕಥೆ, ಹುಳದ ಕಥೆ. ಊಟಕ್ಕೆ ಕೂತವರ ಮುಂದೆ ಹೇಳುವಂಥದ್ದಲ್ಲ. ಇದನ್ನು ಹೇಳುವ ಧೈರ್ಯ ಮಾಡಿದ್ದು ಸರಿಯೋ ತಪ್ಪೋ ಎಂಬುದೂ ನನಗೆ ತಿಳಿಯದು. ಹಗಲು ದುಡಿದು ಸಂಜೆ ಕ್ಲಾಸಿನಲ್ಲಿ ನಾಲ್ಕಕ್ಷರ ಕಲಿತವರಿಗೆ ಒಂದು ಸಾಲು ಬರೆದು ಎರಡು ಸಲ ಅಳಿಸುವ ಚಾಳಿ ಇರುತ್ತದೆ. ಊರಿನ ಹೆಸರು ಹೇಳುವುದಿಲ್ಲ. ಅಫಜಲಪುರದಿಂದ ಬಸ್ಸಿನಲ್ಲಿ ಮುಕ್ಕಾಲು ತಾಸು, ಸುತ್ತ ಕಬ್ಬು, ಅಷ್ಟು ಸಾಕು.

ಫರಹೀನ ಆ ಊರಿನ ದವಾಖಾನೆಯಲ್ಲಿ ಲ್ಯಾಬ್ ನೋಡಿಕೊಳ್ಳುತ್ತಿದ್ದಳು. ತವರು ಆಳಂದ. ಅಲ್ಲಿ ಹಗಲು ಬಟ್ಟೆ ಅಂಗಡಿಯಲ್ಲಿ ಸೀರೆ ಬಿಚ್ಚಿ ತೋರಿಸುತ್ತ, ಸಂಜೆ ಯಾಕೂಬಸಾಬರ ಹತ್ತಿರ ಲ್ಯಾಬ್ ಕೆಲಸ ಕಲಿತವಳು. ಯಾಕೂಬಸಾಬ ನೌಕರಿಯಿಂದ ನಿವೃತ್ತರಾದ ಲ್ಯಾಬ್ ಮಾಸ್ತರು. ಅವಳ ನೋಟ್‌ಬುಕ್ಕಿನಲ್ಲಿ ಅವರು ಬರೆಸಿದ ಪ್ರತಿ ಸಾಲಿಗೂ ಕೆಂಪು ಗೆರೆ ಇತ್ತು. ಆದರೂ ರಿಪೋರ್ಟು ಕೊಟ್ಟ ಮೇಲೆ ಬಸ್ಸಿನಲ್ಲಿ ಕೂತು, ಆ ಹೆಸರು ಸರಿಯಾಗಿ ಬರೆದೆನೋ, ನಂಬರು ಅದಲುಬದಲಾಯಿತೋ ಎಂದು ಕೊರಗುವುದು ತಪ್ಪುತ್ತಿರಲಿಲ್ಲ.

ಆಗಸ್ಟ್ ತಿಂಗಳ ಒಂದು ಸೋಮವಾರ ಸಕ್ಕುಬಾಯಿ ಎಂಬ ಹೆಂಗಸು ತನ್ನ ಸೊಸೆಯನ್ನು ರಟ್ಟೆ ಹಿಡಿದು ಕರೆತಂದಳು. ಸೊಸೆಯ ಹೆಸರು ಭಾಗ್ಯಾ. ಇಪ್ಪತ್ತೆರಡು ವರ್ಷ, ಜೇವರ್ಗಿ ಕಡೆಯ ಹುಡುಗಿ, ಮದುವೆಯಾಗಿ ಎರಡು ವರ್ಷ.

"ಏನಾಗ್ಯದ್ರಿ ಇವ್ರಿಗೆ?"

"ಏನಾಗ್ಯದ ಅಂತ ಹೇಳ್ಲಿ ಬೇ? ಎದ್ದ್ರ ಕಣ್ಣಿಗಿ ಕತ್ತಲಿ, ನಡದ್ರ ಎದಿ ಡವಡವ. ಕಬ್ಬಿನ ಹೊಲದಾಗ ಹತ್ತು ಹೆಜ್ಜಿ ಹಾಕಿದ್ರ ಬದುವಿನ ಮ್ಯಾಲ ಕುಂತು ಬಿಡ್ತಾಳ. ಮೊದಲ ಕೆಲಸಗಳ್ಳಿ ಅಂತ ಬೈದೆ. ಈಗ ನೋಡಿದ್ರ ಮಾರಿಯಾಗ ರಕ್ತನಽ ಇಲ್ಲ."

ಭಾಗ್ಯಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಫರಹೀನ ಬೆರಳು ಚುಚ್ಚಿದಳು. ಬಂದ ಹನಿ ತೆಳ್ಳಗೆ, ನೀರು ಬೆರೆಸಿದ ಕುಂಕುಮದ ಹಾಗೆ. ಹಿಮೋಗ್ಲೋಬಿನ್ ಯಂತ್ರ ನಾಲ್ಕೂವರೆ ಎಂದಿತು. ಯಂತ್ರವೇ ಕೆಟ್ಟಿದೆಯೇನೋ ಎಂದು ಅವಳು ತನ್ನ ಬೆರಳನ್ನೂ ಚುಚ್ಚಿಕೊಂಡು ನೋಡಿದಳು. ಹನ್ನೆರಡು ಬಂತು. ಯಂತ್ರ ಸರಿಯಿತ್ತು.

"ಮಣ್ಣು ತಿಂತಿಯೇನು?" ಮೆಲ್ಲಗೆ ಕೇಳಿದಳು.

ಭಾಗ್ಯಾ ಅತ್ತೆಯ ಕಡೆ ನೋಡಿ ಇಲ್ಲವೆಂದು ತಲೆ ಅಲ್ಲಾಡಿಸಿದಳು. ಅವಳ ಉಗುರುಗಳು ಚಮಚದ ಹಾಗೆ ಒಳಗೆ ಬಾಗಿದ್ದವು. ಸಂದಿಯಲ್ಲಿ ಗೋಡೆಯ ಸುಣ್ಣ ಇತ್ತು. ಬರಿಗಾಲು, ಬೆರಳ ನಡುವೆ ಕೆರೆದು ಕೆರೆದು ಒಣಗಿದ ಗಾಯ.

ಡಾಕ್ಟರು ಕಲಬುರಗಿಗೆ ಹೋಗಿ ರಕ್ತ ಏರಿಸಿಕೊಳ್ಳಲು ಹೇಳಿದರು. ಕಬ್ಬಿಣದ ಗುಳಿಗೆ, ಹುಳದ ಗುಳಿಗೆ ಬರೆದರು, ಮಲ ಪರೀಕ್ಷೆಯನ್ನೂ ಬರೆದರು.

"ಕಲಬುರಗಿ ಅಂದ್ರ ಸುಮ್ನಾಗ್ತದೇನ್ರಿ?" ಎಂದಳು ಸಕ್ಕುಬಾಯಿ. "ಮೊದಲ ಇಲ್ಲಿ ಟೆಸ್ಟ್ ಆಗ್ಲಿ. ಒಳಗ ಏನದ ಅಂತ ಗೊತ್ತಾಗ್ಲಿ. ಆಮ್ಯಾಲ ಎಲ್ಲಾ."

ಹೀಗೆ ಎಲ್ಲವೂ ಒಂದು ಪ್ಲಾಸ್ಟಿಕ್ ಡಬ್ಬಿಯ ಮೇಲೆ ಬಂದು ನಿಂತಿತು. ಫರಹೀನ ಡಬ್ಬಿಯನ್ನು ಭಾಗ್ಯಾಳ ಕೈಗೆ ಕೊಟ್ಟು, "ನಾಳಿ ಮುಂಜಾನಿಂದು ತಾಜಾ ಬೇಕು. ನೀರು, ಮಣ್ಣು ಕೂಡಬಾರದು" ಎಂದಳು.

"ಯಾರ್ ತರಬೇಕ್ರಿ?" ಅದು ಭಾಗ್ಯಾಳ ಮೊದಲ ಮಾತು.

"ಮಾಳಿಂಗ ತರ್ತಾನ, ಹವಳಗಾದ ಸಕ್ಕರಿ ಫ್ಯಾಕ್ಟರಿಗಿ ಕೆಲಸಕ್ಕ ಹೋಗೂ ಮುಂದ," ಎಂದಳು ಅತ್ತೆ. ಮಾಳಿಂಗ ಅಂದರೆ ಭಾಗ್ಯಾಳ ಗಂಡ. ಭಾಗ್ಯಾ ಡಬ್ಬಿಯನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡಳು. ಅವಳ ಬಿಳಿಚಿದ ಮುಖದಲ್ಲಿ ಎಲ್ಲಿಂದಲೋ ಒಂದಿಷ್ಟು ಕೆಂಪು ಬಂತು. ಫರಹೀನ ಅದನ್ನು ನೋಡಿದಳು, ಆದರೆ ಅದರ ಬಗ್ಗೆ ಯೋಚಿಸಲಿಲ್ಲ.

ಮರುದಿನ ಮಂಗಳವಾರ. ಬಸ್ಸು ತಡವಾಗಿ ಅವಳು ಬರುವಷ್ಟರಲ್ಲಿ ಒಂಬತ್ತೂವರೆ. ಡಬ್ಬಿ ಕಿಟಕಿಯ ಕಟ್ಟೆಯ ಮೇಲೆ ಬಿಸಿಲಿಗೆ ಕೂತಿತ್ತು. ಮಾಳಿಂಗ ಏಳೂವರೆಗೇ ಇಟ್ಟು ಹೋಗಿದ್ದನಂತೆ. ಅಂದು ಗರ್ಭಿಣಿಯರ ತಪಾಸಣೆಯ ದಿನ, ಹೊರಗೆ ನಲವತ್ತು ಹೆಂಗಸರು. ಒಂದು ಹನಿ ಉಪ್ಪುನೀರಿನಲ್ಲಿ ಕದಡಿ ಆಗಲೇ ನೋಡಿಬಿಡಬಹುದಿತ್ತು. ಆದರೆ ಲ್ಯಾಬಿನಲ್ಲಿ ಹಿಂದಿನ ವರ್ಷದ ಹುಳದ ಸರ್ವೆಯಿಂದ ಉಳಿದ ಕಿಟ್ ಇತ್ತು. ಜಾಲರಿಯಲ್ಲಿ ಸೋಸಿದ ಮಲವನ್ನು ಗಾಜಿನ ಮೇಲೆ ದಪ್ಪಗೆ ಹಚ್ಚಿ, ಗ್ಲಿಸರಿನ್ ಬೆರೆತ ಹಸಿರು ನೀರಿನಲ್ಲಿ ನೆನೆಸಿದ ತೆಳು ಹಾಳೆಯನ್ನು ಮುಚ್ಚಿ ಒತ್ತುವುದು. ಗ್ಲಿಸರಿನ್ ಮಲವನ್ನು ತಿಳಿಯಾಗಿಸುತ್ತದೆ, ಹುಳದ ತತ್ತಿ ಇದ್ದರೆ ಎದ್ದು ಕಾಣುತ್ತವೆ. ಹೆಚ್ಚು ಚೆನ್ನಾಗಿ ನೋಡಬೇಕೆಂದೇ ಅವಳು ಅದನ್ನು ಆರಿಸಿಕೊಂಡಳು. ಹಚ್ಚಿ, ಮುಚ್ಚಿ, ಒತ್ತಿ ಇಟ್ಟಾಗ ಹತ್ತಕ್ಕೆ ಕಾಲು ಗಂಟೆ ಇತ್ತು. ಅಷ್ಟರಲ್ಲಿ ನರ್ಸ್ ಕೂಗಿದಳು.

ತಿರುಗಿ ಬಂದಾಗ ಒಂದೂವರೆ. ಹೊಟ್ಟೆ ಖಾಲಿ, ತಲೆ ಸಿಡಿಯುತ್ತಿತ್ತು. ಗಾಜನ್ನು ಮೂಲೆಯಿಂದ ಮೂಲೆಗೆ ಎರಡು ಸಲ ನೋಡಿದಳು. ಜೋಳದ ಹೊಟ್ಟು, ಗಾಳಿಗುಳ್ಳೆ. ಬೇರೇನೂ ಕಾಣಲಿಲ್ಲ.

ಸಕ್ಕುಬಾಯಿ ಬಾಗಿಲಲ್ಲೇ ನಿಂತಿದ್ದಳು. "ಹುಳ ಅದಾವೇನು ಇಲ್ಲೇನು? ಒಂದ ಮಾತು ಹೇಳು."

"ಇಲ್ಲ್ರಿ."

ಕಾಗದದ ಮೇಲೂ ಹಾಗೆಯೇ ಬರೆದಳು: ಜಂತುಹುಳ ಇಲ್ಲ. ಸಕ್ಕುಬಾಯಿಗೆ ಓದು ಬಾರದು, ಆದರೂ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದಳು. ಆಮೇಲೆ ಔಷಧ ಕೊಡುವ ಕಿಟಕಿಯಲ್ಲಿ ಸಿಕ್ಕಿದ್ದ ಹುಳದ ಗುಳಿಗೆಯನ್ನು ಸೆರಗಿನ ಗಂಟಿನಿಂದ ಬಿಚ್ಚಿ ಮೇಜಿನ ಮೇಲಿಟ್ಟಳು.

"ತಗೋ. ಹುಳನಽ ಇಲ್ಲಂದ ಮ್ಯಾಲ ಹುಳದ ಗುಳಿಗಿ ಯಾಕ?"

"ಇರ್ಲಿ ತಗೊಳ್ರಿ, ಡಾಕ್ಟರ್ ಬರದಾರ..."

"ಈಗ ನೀನಽ ಇಲ್ಲಂದೆಲ್ಲ. ಅದ ಅಂತಿಯೇನು ಮತ್ತ?"

ಸಕ್ಕುಬಾಯಿ ಹೋದಳು. ಗುಳಿಗೆ ಡ್ರಾಯರ್ ಸೇರಿತು.

ಒಂಬತ್ತು ದಿನ ಕಳೆದವು. ಗುರುವಾರ ಮಧ್ಯಾಹ್ನ ಹಳೆಯ ಗಾಜುಗಳನ್ನು ತೊಳೆಯಲು ತೆಗೆದಾಗ ಭಾಗ್ಯಾಳ ರಕ್ತದ ಗಾಜು ಕೈಗೆ ಬಂತು. ಬೆರಳು ಚುಚ್ಚಿದ ದಿನವೇ ಮಲೇರಿಯಾದ ರೋಗಾಣು ನೋಡಲೆಂದು ಮಾಡಿಟ್ಟಿದ್ದ ಲೇಪ. ಊರವರು ದುರ್ಬೀನು ಎನ್ನುವ ಸೂಕ್ಷ್ಮದರ್ಶಕದ ಕೆಳಗೆ ಸುಮ್ಮನೆ ಇಟ್ಟು ಬಗ್ಗಿದಳು. ಕೆಂಪು ಕಣಗಳು ಬಡಕಲಾಗಿ, ನಡುವೆ ಖಾಲಿಯಾಗಿ ಹರಡಿದ್ದವು. ಬಿಳಿ ಕಣಗಳಲ್ಲಿ ಒಂದು ಬಿಟ್ಟು ಒಂದರ ಹೊಟ್ಟೆಯಲ್ಲಿ ಕಿತ್ತಳೆ ಬಣ್ಣದ ಕಾಳುಗಳು. ಒಳಗೆ ಹುಳವಿದ್ದಾಗ ಹೆಚ್ಚುವ ಕಣ ಅದು. ನೂರಕ್ಕೆ ಎರಡೋ ಮೂರೋ ಇರಬೇಕಾದ್ದು ನಲವತ್ತು ಇದ್ದವು.

ಆಳಂದಕ್ಕೆ ಫೋನು ಮಾಡಿದಳು. ಯಾಕೂಬಸಾಬರು ಎಲ್ಲ ಕೇಳಿದರು.

"ಗ್ಲಿಸರಿನ್ ಹಚ್ಚಿ ಎಷ್ಟೊತ್ತು ಬಿಟ್ಟಿದ್ದಿ ಬೇಟಾ?"

"ಮೂರೂ ಮುಕ್ಕಾಲು ತಾಸು, ಉಸ್ತಾದ್."

"ಕೊಕ್ಕೆಹುಳದ ತತ್ತಿ ಕಾಯೂದಿಲ್ಲ ಅಂತ ಬರಿಸಿದ್ದೆ. ಬ್ಯಾರೆ ಹುಳದ್ದು ಕಾಯ್ತಾವ, ಇದರದ್ದು ಸಿಪ್ಪಿ ತೆಳು. ಅರ್ಧ ತಾಸಿನಾಗ ನೋಡಬೇಕು. ಆಮ್ಯಾಲ ಗ್ಲಿಸರಿನ್ನಿನಾಗ ಅದೂ ತಿಳಿಯಾಗಿ ಮಾಯ ಆಗ್ತದ. ಏನಂತ ಬರದಿ?"

"ಇಲ್ಲ ಅಂತ."

"ಕಾಣಲಿಲ್ಲ ಅಂತ ಬರೀಬೇಕಿತ್ತು. ಇಲ್ಲ ಅನ್ನಾಕ ನಾವ್ಯಾರು?"

ನೋಟ್‌ಬುಕ್ ಅವಳ ಚೀಲದಲ್ಲೇ ಇತ್ತು. ತೆಗೆದು ನೋಡುವ ಧೈರ್ಯವಾಗಲಿಲ್ಲ. ಡ್ರಾಯರಿನಿಂದ ಆ ಗುಳಿಗೆ ತೆಗೆದುಕೊಂಡು ಸಕ್ಕುಬಾಯಿಯ ಮನೆಗೆ ನಡೆದಳು, ಅರ್ಧ ದಾರಿ ಓಡಿದಳು. ಬಾಗಿಲಿಗೆ ಬೀಗ. ಪಕ್ಕದ ಕಟ್ಟೆಯ ಮೇಲೆ ಸುಭದ್ರಾಬಾಯಿ ಎಂಬ ಮುದುಕಿ ಶೇಂಗಾ ಒಡೆಯುತ್ತಿದ್ದಳು.

"ಗಾಣಗಾಪುರಕ್ಕ ಹೋಗ್ಯಾರ, ದೇವರ ಸೇವಾಕ್ಕ. ಹುಡುಗಿಗಿ ಗಾಳಿ ಬಡದದ ಅಂತ. ದವಾಖಾನ್ಯಾಗ ನೋಡಿ ಏನೂ ಇಲ್ಲಂದ್ರಂತ. ಏನೂ ಇಲ್ಲಂದ ಮ್ಯಾಲ ಮತ್ತೇನು, ಗಾಳಿನಽ ಅಲ್ಲೇನು?" ಮುದುಕಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ನೀನಽ ಏನು ಆ ದುರ್ಬೀನಿನ ಬಾಯಿ? ಛಲೋ ನೋಡಿದಿ ಬಿಡು."

ಫರಹೀನಳಿಗೆ ಅಳು ಬಂತು. ಮುದುಕಿಗೆ ಕನಿಕರ ಹುಟ್ಟಿರಬೇಕು, ದನಿ ತಗ್ಗಿಸಿದಳು. "ಬಂಗಾರದಂಥ ಹುಡುಗಿ. ಅಂಗನವಾಡ್ಯಾಗ ಸಣ್ಣವರಿಗೆಲ್ಲ ಹುಳದ ಗುಳಿಗಿ ಹಾಕಿದ್ರಲ್ಲ, ಆಮ್ಯಾಲ ನಮ್ಮ ಮೊಮ್ಮಗ ಒಂದಿನ ಮುಂಜಾನಿ ಅಂಗಳದಾಗಽ ಕುಂತುಬಿಟ್ಟ. ನಾ ಏಳೂದ್ರಾಗ ಭಾಗ್ಯಾ ಬಂದು ಬಳದು ಸ್ವಚ್ಛ ಮಾಡಿದ್ಲು. ಮಂದಿ ಮಕ್ಕಳ ಹೊಲಸು ಯಾರ್ ಬಳೀತಾರ?"

"ಯಾವತ್ತು ಆಯಿ?"

"ಮಂಗಳವಾರ ಇರಬೇಕು. ಮಾಳಿಂಗ ಗಾಡಿ ಚಾಲೂ ಮಾಡಾಕತ್ತಿದ್ದ."

ಫರಹೀನ ಅಲ್ಲೇ ನಿಂತುಬಿಟ್ಟಳು. ಆ ಊರಿನಲ್ಲಿ ಹೆಂಗಸರು ನಸುಕಿನಲ್ಲಿ ನೀರಿನ ಚೆರಗಿ ಹಿಡಿದು ನಾಲ್ಕೈದು ಜನ ಕೂಡಿಯೇ ಬಯಲಿಗೆ ಹೋಗುತ್ತಾರೆ. ಅಷ್ಟು ಜನರ ನಡುವೆ ಕೂತು ಡಬ್ಬಿ ತುಂಬುವುದು ಹೇಗೆ? ತುಂಬಿದರೂ ಅದನ್ನು ಗಂಡನ ಕೈಗೆ ಕೊಡುವುದು ಹೇಗೆ? ಆ ಕೂಸಿನದನ್ನೇ ಬಳಿದು ಡಬ್ಬಿಗೆ ಹಾಕಿದಳೋ? ಗುಳಿಗೆ ತಿಂದ ಕೂಸಿನ ಮಲದಲ್ಲಿ ಹುಳದ ತತ್ತಿ ಎಲ್ಲಿಂದ ಬರಬೇಕು? ಹಾಗಿದ್ದರೆ ತನ್ನ ತಪ್ಪಿಲ್ಲ. ಹಾಗೇ ಆಗಿರಲಿ ಎಂದು ಮನಸ್ಸು ಬೇಡಿಕೊಂಡಿತು. ಒಬ್ಬಳು ಸಾಯುತ್ತಿರುವಾಗ ತಾನು ಹೀಗೆ ಬೇಡಿಕೊಳ್ಳುತ್ತಿದ್ದೇನಲ್ಲ ಎಂದು ಹೇಸಿಕೆಯಾಯಿತು.

ಸಿಕ್ಕ ಬಸ್ಸು ಹತ್ತಿ, ಗಾಣಗಾಪುರದ ದಾರಿ ಕವಲೊಡೆಯುವ ಚೌಡಾಪುರದಲ್ಲಿ ಇಳಿದಳು. ಮಳೆ ಹನಿಯುತ್ತಿತ್ತು. ರಸ್ತೆಯ ಪಕ್ಕ ಒಂದು ಆಟೋ, ಅದಕ್ಕೆ ಒರಗಿ ಚಹಾ ಕುಡಿಯುತ್ತಿದ್ದ ನಡುವಯಸ್ಸಿನವನು.

"ಅಣ್ಣಾ, ಈ ಆಟೋ ನಿಮ್ದೇನ್ರಿ?"

"ನಂದಲ್ರಿ."

ಅವಳು ಮುಂದಿನ ಆಟೋದ ಕಡೆ ಓಡಿದಳು. ಅವನು ಹಿಂದಿನಿಂದ ಕೂಗಿದ. "ಏ ಅಕ್ಕಾ! ಎಲ್ಲಿ ಹೊಂಟ್ರಿ? ನಂದಲ್ರಿ ಅಂದ್ರ ನಂದಽ ಅಲ್ಲೇನ್ರಿ ಅಂತ! ಶಾರುಖನ ಆಟೋ ಯಾರನ್ನ ಕೇಳಿದ್ರೂ ಹೇಳ್ತಾರ. ಆಳಂದದವ್ರೇನು? ಮಾತು ತಿಳಿಯಾಕ ಅಲ್ಲಿಂದ ಟಪಾಲು ಬರಬೇಕೇನ್ರಿ?"

ಬೇರೆ ದಿನವಾಗಿದ್ದರೆ ಅವಳೂ ನಗುತ್ತಿದ್ದಳು. ಶಾರುಖನೇ ಗಾಣಗಾಪುರದಲ್ಲಿ ಖೋಲಿಯಿಂದ ಖೋಲಿಗೆ ಕೇಳುತ್ತ ಹೋಗಿ ಅವರನ್ನು ಹುಡುಕಿಕೊಟ್ಟ. ಬಾಡಿಗೆಯ ಕೋಣೆ. ಭಾಗ್ಯಾ ಗೋಡೆಗೆ ಒರಗಿ ಕೂತಿದ್ದಳು. ಮಲಗಿದರೆ ಉಸಿರು ಕಟ್ಟುತ್ತಿತ್ತಂತೆ. ಪಾದ ಊದಿಕೊಂಡಿದ್ದವು. ತುಟಿಗೂ ಕೆನ್ನೆಗೂ ಬಣ್ಣದಲ್ಲಿ ವ್ಯತ್ಯಾಸವೇ ಇರಲಿಲ್ಲ.

"ಹುಳ ಅದಾವ್ರಿ," ಫರಹೀನ ಏದುಸಿರಿನಲ್ಲಿ ಹೇಳಿದಳು. "ಕೊಕ್ಕೆಹುಳ. ಬರಿಗಾಲಿನಿಂದ ಒಳಗ ಹೋಗಿ, ಕರುಳಿಗೆ ಕಚ್ಚಿ ರಕ್ತ ಹೀರ್ತಾವ. ಅವತ್ತು ನಾನು ತಪ್ಪು ಹೇಳಿದೆ."

ಸಕ್ಕುಬಾಯಿ ಎದ್ದು ನಿಂತಳು. "ಅವತ್ತು ಇಲ್ಲಂದಿ, ಇವತ್ತು ಅದ ಅಂತಿ. ನಾಳಿ ಏನಂತಿ? ನಿನ್ನ ಬಾಯಿಗಿ ಬಾಗಿಲ ಅದ ಇಲ್ಲ?"

"ಬೈರಿ ನನಗ. ಬೇಕಾದಷ್ಟು ಬೈರಿ. ಗಾಡ್ಯಾಗ ಕುಂತು ಬೈರಿ. ಇವತ್ತು ರಕ್ತ ಏರಿಸಲಿಲ್ಲಂದ್ರ ಉಳಿಯೂದಿಲ್ಲ್ರಿ."

"ಸೇವಾ ಅರ್ಧಕ್ಕ ಬಿಟ್ಟು ಏಳಬಾರದು."

ಫರಹೀನ ಸಕ್ಕುಬಾಯಿಯ ಕಾಲು ಹಿಡಿದುಕೊಂಡಳು. ಸಕ್ಕುಬಾಯಿ ಗಾಬರಿಯಾಗಿ ಹಿಂದೆ ಸರಿದಳು. ಆಗ ಗೋಡೆಯ ಕಡೆಯಿಂದ ಭಾಗ್ಯಾ ಅಂದಳು: "ಅತ್ತಿ, ಹೋಗೂಣು. ನನಗ ಸಾಕಾಗ್ಯದ."

ಅಂಬುಲೆನ್ಸಿನಲ್ಲಿ ಕಲಬುರಗಿಯ ಒಂದು ದವಾಖಾನೆ ಸೇರುವಾಗ ಸಂಜೆಯಾಗಿತ್ತು. ಮಾಳಿಂಗ ಎಣ್ಣೆಕೈಯಲ್ಲೇ ಓಡಿಬಂದಿದ್ದ. ರಕ್ತ ಮೂರಕ್ಕೆ ಇಳಿದಿತ್ತು. ಅಲ್ಲಿನ ಲ್ಯಾಬಿನವರನ್ನು ಕಾಡಿ ಬೇಡಿ, ಈ ಸಲದ ಡಬ್ಬಿಯನ್ನು ಫರಹೀನ ತಾನೇ ಹಾಸಿಗೆಯಿಂದ ಒಯ್ದಳು. ಒಂದು ಹನಿ ಉಪ್ಪುನೀರು. ಐದು ನಿಮಿಷವೂ ಆಗಿರಲಿಲ್ಲ. ಕಣ್ಣಿಟ್ಟ ಕೂಡಲೇ ಕಂಡವು: ಅಂಡಾಕಾರ, ಸಿಪ್ಪೆ ಗಾಜಿನ ಬಳೆಯ ಅಂಚಿನಷ್ಟು ತೆಳು, ಒಳಗೆ ನಾಲ್ಕು ಬೂದು ತುಣುಕು. ಒಂದಲ್ಲ, ಎರಡಲ್ಲ, ಎಲ್ಲಿ ನೋಡಿದರೂ. ಸಿಕ್ಕಿತು ಎಂದು ಒಂದು ಕ್ಷಣ ಎದೆ ಹಿಗ್ಗಿತು. ಆ ಹಿಗ್ಗಿಗೆ ಮರುಕ್ಷಣವೇ ನಾಚಿದಳು.

ಡಾಕ್ಟರು ಗುಳಿಗೆ ಕೊಡಲು ಹೇಳಿದರು. ಒಂಬತ್ತು ದಿನ ಡ್ರಾಯರಿನಲ್ಲಿದ್ದ ಗುಳಿಗೆಯನ್ನೇ ಭಾಗ್ಯಾ ನೀರಿನೊಡನೆ ನುಂಗಿದಳು. ಮರುದಿನ ಬೆಳಿಗ್ಗೆ ಎರಡನೆಯ ಬಾಟಲಿ ರಕ್ತ ನಿಧಾನಕ್ಕೆ ಇಳಿಯುತ್ತಿತ್ತು. ಮೂಗು ಬಾಯಿಗೆ ಆಕ್ಸಿಜನ್ ಮುಖವಾಡ. ಸಕ್ಕುಬಾಯಿ ಚಹಾಕ್ಕೆ ಹೋಗಿದ್ದಳು, ಮಾಳಿಂಗ ಔಷಧಕ್ಕೆ. ಫರಹೀನ ಮಂಚದ ಪಕ್ಕ ಬಗ್ಗಿದಳು. ಕೇಳಬಾರದು ಎಂದು ಗೊತ್ತಿತ್ತು. ಕೇಳದೆ ಇರಲಾಗಲಿಲ್ಲ.

"ಭಾಗ್ಯಾ, ಅವತ್ತಿನ ಡಬ್ಬಿ... ಅದು ನಿಂದೇನವಾ?"

ಭಾಗ್ಯಾ ಕಣ್ಣು ತೆರೆದು ನೋಡಿದಳು. ಮುಖವಾಡದೊಳಗೆ ತುಟಿ ಅಲುಗಿತು.

"ನಂದಲ್ರಿ."

ಅಷ್ಟೇ. ನಮ್ಮ ಕಡೆ ಆ ಮಾತಿಗೆ ಎರಡು ಅರ್ಥ. ದನಿ ಏರಿದರೆ 'ನಂದೇ, ಮತ್ತ್ಯಾರದು' ಅಂತ. ಇಳಿದರೆ 'ನಂದಲ್ಲ' ಅಂತ. ಮುಖವಾಡದೊಳಗಿನ ಆ ಉಸಿರಿಗೆ ಏರುವುದಕ್ಕೂ ಇಳಿಯುವುದಕ್ಕೂ ಶಕ್ತಿ ಇರಲಿಲ್ಲ. ಇನ್ನೊಮ್ಮೆ ಹೇಳು ಎಂದು ಕೇಳುವಷ್ಟರಲ್ಲಿ ಅವಳ ಕಣ್ಣು ಮುಚ್ಚಿತ್ತು. ದಣಿದಿದ್ದಾಳೆ, ಸಂಜೆ ಕೇಳಿದರಾಯಿತು ಎಂದುಕೊಂಡಳು ಫರಹೀನ.

ಹನ್ನೊಂದು ಗಂಟೆಗೆ ಭಾಗ್ಯಾ ತೀರಿಕೊಂಡಳು. ಎದೆ ಬಹಳ ದಿನದಿಂದ ಬರಿ ನೀರಿನಂಥ ರಕ್ತ ಎಳೆದೆಳೆದು ದಣಿದಿತ್ತು, ಒಂದು ವಾರ ಮೊದಲು ಬಂದಿದ್ದರೆ ನೋಡಬಹುದಿತ್ತು ಎಂದರು ಡಾಕ್ಟರು. ಮಾಳಿಂಗ ಔಷಧದ ಚೀಲ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದ. ಸಕ್ಕುಬಾಯಿ ಅಳಲಿಲ್ಲ. ಸೊಸೆಯ ಊದಿದ ಪಾದಗಳನ್ನು ತನ್ನ ಸೆರಗಿನಿಂದ ಒರೆಸುತ್ತ ಕೂತಿದ್ದಳು. ಜೇವರ್ಗಿಯಿಂದ ತವರಿನವರು ಬರುವವರೆಗೂ ಒರೆಸಿದಳು.

ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಸಕ್ಕುಬಾಯಿ ತಾನೇ ಒಂದು ಡಬ್ಬಿ ಹಿಡಿದು ದವಾಖಾನೆಗೆ ಬಂದಳು. ಫರಹೀನಳ ಮುಖ ನೋಡದೆ ಡಬ್ಬಿಯನ್ನು ಮೇಜಿನ ಮೇಲಿಟ್ಟಳು.

"ಇದು ನಂದು. ನಾನಽ ತುಂಬಿ ನಾನಽ ತಂದೇನಿ. ಅದೇ ಹೊಲದಾಗ ನಾನೂ ಬರಿಗಾಲಲೆ ಅಡ್ಡಾಡೇನಿ. ಈಗಿಂದೀಗ ನೋಡು. ನಾ ಇಲ್ಲೇ ನಿಂದರ್ತೇನಿ."

ಫರಹೀನ ನೋಡಿದಳು. ಹೊರಗೆ ಯಾರೋ ಕೂಗಿದರು, ಅವಳು ಏಳಲಿಲ್ಲ. "ಕಾಣ್ತಾವ್ರಿ," ಎಂದಳು. ಸಕ್ಕುಬಾಯಿ ಅಲ್ಲೇ ನಿಂತು ಗುಳಿಗೆ ಅಗಿದು ನುಂಗಿದಳು. ಹೋಗುವಾಗ ಬಾಗಿಲಲ್ಲಿ ತಿರುಗಿ, "ನನಗ್ಯಾಕ ಏನೂ ಆಗಲಿಲ್ಲ ಬೇ?" ಎಂದು ಕೇಳಿದಳು. ಹುಳ ಎಷ್ಟಿವೆ ಎನ್ನುವುದರ ಮೇಲೆ ಹೋಗುತ್ತದೆ, ಊಟದ ಮೇಲೆ ಹೋಗುತ್ತದೆ ಎಂದೇನೋ ಫರಹೀನ ಹೇಳತೊಡಗಿದಳು. ಸಕ್ಕುಬಾಯಿ ಪೂರ್ತಿ ಕೇಳಲಿಲ್ಲ.

ರಿಜಿಸ್ಟರಿನಲ್ಲಿ ಆ ಮಂಗಳವಾರದ ಸಾಲು ಈಗಲೂ ಇದೆ. 'ಇಲ್ಲ' ಎಂಬುದನ್ನು ಒಂದು ಗೆರೆ ಎಳೆದು ಹೊಡೆದು, ಪಕ್ಕದಲ್ಲಿ 'ಕಾಣಲಿಲ್ಲ' ಎಂದು ಬರೆದು, ತಾರೀಖು ಹಾಕಿ ಫರಹೀನ ಸಹಿ ಮಾಡಿದ್ದಾಳೆ.

ಆ ಡಬ್ಬಿಯಲ್ಲಿದ್ದುದು ಭಾಗ್ಯಾಳದ್ದೋ, ಸುಭದ್ರಾಬಾಯಿಯ ಮೊಮ್ಮಗನದ್ದೋ? ತತ್ತಿ ಇದ್ದು ಗ್ಲಿಸರಿನ್ನಿನಲ್ಲಿ ಮಾಯವಾದವೋ, ಮೊದಲೇ ಇರಲಿಲ್ಲವೋ? ಫರಹೀನಳಿಗೆ ಗೊತ್ತಿಲ್ಲ. ನನಗೂ ಗೊತ್ತಿಲ್ಲ.